ಭುಜ ಗಟ್ಟಿಯಾಯ್ತು, ಬಲ ಎಲ್ಲಿ? ಜಾರುವ ಭುಜದ ಆಪರೇಷನ್ ನಂತರ ಸ್ನಾಯುಗಳಿಗೆ ಏನಾಗುತ್ತದೆ

ಭುಜ ಪದೇ ಪದೇ ಜಾರುತ್ತಿದ್ದವರು ಆಪರೇಷನ್ ಮಾಡಿಸಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಕೇಳಿಸಿಕೊಳ್ಳುವ ಮಾತು ಹೆಚ್ಚುಕಡಿಮೆ ಒಂದೇ: 'ಭುಜ ಈಗ ಸ್ಟೇಬಲ್ ಆಗಿದೆ, ಆರು ತಿಂಗಳಲ್ಲಿ ಎಲ್ಲಾ ಸರಿಹೋಗುತ್ತೆ.' ಈ ಮಾತಿನ ಮೊದಲರ್ಧ ಬಹುತೇಕ ನಿಜ. ಎರಡನೇ ಅರ್ಧಕ್ಕೆ ಷರತ್ತುಗಳಿವೆ. ಕೀಲು ಜಾರದಂತೆ ನಿಲ್ಲೋದು ಒಂದು ವಿಷಯ, ಆ ಕೀಲನ್ನು ಆಡಿಸುವ ಸ್ನಾಯುಗಳಿಗೆ ಹಳೆಯ ಬಲ ಬರೋದು ಇನ್ನೊಂದು. ಮೊದಲನೆಯದನ್ನು ಸರ್ಜನ್ ಕೆಲವೇ ಗಂಟೆಗಳಲ್ಲಿ ಮುಗಿಸಿ ಕೈತೊಳೆದುಕೊಳ್ಳಬಹುದು. ಎರಡನೆಯದಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತೆ. ಅದೂ ಸುಮ್ಮನೆ ಕೂತರೆ ಬರುವುದಿಲ್ಲ, ಬಂದಿದೆಯೋ ಇಲ್ಲವೋ ಅಂತ ಅಳೆಯದೇ ಗೊತ್ತಾಗುವುದೂ ಇಲ್ಲ.

ನಾನು ಎಂಜಿನಿಯರಿಂಗ್ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದಿದ್ದರಿಂದಲೋ ಏನೋ, ಈ ವಿಷಯದಲ್ಲಿ ನನಗೆ ಕಾಡುವ ಪ್ರಶ್ನೆ ಒಂದೇ. ಸೇತುವೆ ಕಟ್ಟಿ ಅದರ ಮೇಲೆ ಭಾರ ಹಾಕಿ ಪರೀಕ್ಷಿಸದೇ ಯಾರೂ ಬಸ್ಸು ಬಿಡೋದಿಲ್ಲ. ರಿಪೇರಿ ಮಾಡಿದ ಭುಜವನ್ನು ಮಾತ್ರ ಕ್ಯಾಲೆಂಡರ್ ನೋಡಿ ಯಾಕೆ ಬಿಟ್ಟುಬಿಡ್ತೀವಿ?

ತಟ್ಟೆ ಚಿಕ್ಕದು, ಚೆಂಡು ದೊಡ್ಡದು

ದೇಹದಲ್ಲಿ ಅತಿ ಹೆಚ್ಚು ದಿಕ್ಕಿಗೆ ಆಡುವ ಕೀಲು ಭುಜ. ಅತಿ ಹೆಚ್ಚು ಜಾರುವ ದೊಡ್ಡ ಕೀಲು ಕೂಡಾ ಅದೇ. ಇವೆರಡೂ ಒಂದೇ ನಾಣ್ಯದ ಎರಡು ಮುಖ. ಸೊಂಟದ ಕೀಲು ಆಳವಾದ ಬಟ್ಟಲಿನಲ್ಲಿ ಕೂತಿದ್ದರೆ, ಭುಜದ ಚೆಂಡು ಕೂತಿರೋದು ಚಪ್ಪಟೆ ತಟ್ಟೆಯ ಮೇಲೆ. ಡಾಕ್ಟರುಗಳು ಇದನ್ನು ಗಾಲ್ಫ್ ಚೆಂಡನ್ನು ಅದರ ಮೊಳೆಯ ಮೇಲೆ ಇಟ್ಟಂತೆ ಅಂತಾರೆ. ಗಾಲ್ಫ್ ಆಡದ ನಮಗೆ, ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಕೂಲ್ ಡೇ ಆಟ ನೆನಪಾದರೆ ಸಾಕು.

ಈ ತಟ್ಟೆಯ ಅಂಚಿಗೆ ಲೇಬ್ರಮ್ ಅನ್ನುವ ಮೆದುವಾದ ಕಟ್ಟೆಯಿದೆ. ಅದಕ್ಕೆ ಅಂಟಿಕೊಂಡ ಅಸ್ಥಿರಜ್ಜುಗಳು ಚೆಂಡನ್ನು ಅತಿರೇಕದ ಕೋನಗಳಲ್ಲಿ ಹಿಡಿದಿಡುತ್ತವೆ. ಉಳಿದ ಹೊತ್ತು, ಅಂದ್ರೆ ದಿನದ ಬಹುಪಾಲು ಚಲನೆಗಳಲ್ಲಿ, ಚೆಂಡನ್ನು ತಟ್ಟೆಗೆ ಒತ್ತಿ ಹಿಡಿಯೋದು ಸ್ನಾಯುಗಳು. ಇವುಗಳಲ್ಲಿ ಮುಖ್ಯವಾದ ನಾಲ್ಕನ್ನು ಸೇರಿಸಿ ರೊಟೇಟರ್ ಕಫ್ ಅಂತ ಕರೀತಾರೆ. ಹೆಗಲ ಹಲಗೆಯ ಮುಂಬದಿಯಲ್ಲಿರುವ ಸಬ್‌ಸ್ಕ್ಯಾಪುಲಾರಿಸ್ ಈ ನಾಲ್ಕರಲ್ಲಿ ದೊಡ್ಡದು, ಬಲಶಾಲಿ. ತೋಳನ್ನು ಒಳಕ್ಕೆ ತಿರುಗಿಸುತ್ತದೆ. ಹಿಂಬದಿಯ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೆಸ್ ಮೈನರ್ ತೋಳನ್ನು ಹೊರಕ್ಕೆ ತಿರುಗಿಸುತ್ತವೆ. ಮೇಲಿನ ಸುಪ್ರಾಸ್ಪೈನೇಟಸ್ ತೋಳು ಎತ್ತಲು ನೆರವಾಗುತ್ತದೆ. ಈ ಲೇಖನದುದ್ದಕ್ಕೂ ಬರುವ 'ಒಳತಿರುವು', 'ಹೊರತಿರುವು' ಅನ್ನೋದು ಇವೇ. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ಅಂಗೈಯನ್ನು ಹೊಟ್ಟೆಯ ಕಡೆ ತಂದರೆ ಒಳತಿರುವು, ಬಾಗಿಲು ತೆರೆದಂತೆ ಹೊರಗೆ ಒಯ್ದರೆ ಹೊರತಿರುವು.

ಬಲ ಎಷ್ಟು ಬೇಕಾಗುತ್ತೆ ಅನ್ನೋದಕ್ಕೆ ಒಂದು ಸ್ಥೂಲ ಲೆಕ್ಕ ಕೊಡ್ತೀನಿ. ಮನುಷ್ಯನ ಒಂದು ತೋಳು ದೇಹತೂಕದ ಸುಮಾರು ಶೇ. 5ರಷ್ಟಿರುತ್ತದೆ. 60 ಕೆಜಿ ತೂಕದವರಿಗೆ 3 ಕೆಜಿ. ತೋಳನ್ನು ಪಕ್ಕಕ್ಕೆ ನೇರವಾಗಿ ಚಾಚಿದರೆ ಅದರ ಭಾರದ ಕೇಂದ್ರ ಭುಜದಿಂದ ಹತ್ತಿರ ಹತ್ತಿರ 30 ಸೆಂ.ಮೀ. ದೂರದಲ್ಲಿರುತ್ತೆ. ಅಂದ್ರೆ ಸುಮಾರು 9 ನ್ಯೂಟನ್-ಮೀಟರ್ ಟಾರ್ಕ್. ಇದನ್ನು ತಡೆದು ನಿಲ್ಲಿಸುವ ಸ್ನಾಯುವಿನ ಎಳೆತ ಕೀಲಿನ ಮಧ್ಯದಿಂದ ಬರೀ 3 ಸೆಂ.ಮೀ. ಆಸುಪಾಸಿನಲ್ಲಿದೆ. ಹಾಗಾಗಿ ಸ್ನಾಯು ಎಳೀಬೇಕಾದ ಬಲ 300 ನ್ಯೂಟನ್, ಅಂದ್ರೆ 30 ಕೆಜಿ ತೂಕ ಎತ್ತಿದಷ್ಟು. ಕೈಯಲ್ಲಿ ಒಂದು ಲೀಟರ್ ನೀರಿನ ಬಾಟಲಿ ಇದ್ದರೆ ಇದು 50 ಕೆಜಿ ದಾಟುತ್ತೆ. ಬರೀ ಬಾಟಲಿ ಹಿಡಿದಿದ್ದಕ್ಕೆ! ಇಷ್ಟೊಂದು ಬಲದ ದಿಕ್ಕು ಸ್ವಲ್ಪ ತಪ್ಪಿದರೂ ಚೆಂಡು ತಟ್ಟೆಯ ಅಂಚಿನ ಕಡೆ ಸರಿಯುತ್ತದೆ. ಆದ್ದರಿಂದ ಭುಜದಲ್ಲಿ ಸ್ನಾಯುಬಲ ಅನ್ನೋದು ಎತ್ತುವ ತಾಕತ್ತು ಮಾತ್ರ ಅಲ್ಲ, ಕೀಲು ಜಾರದಂತೆ ತಡೆಯುವ ವ್ಯವಸ್ಥೆಯ ಭಾಗ ಕೂಡಾ. ಹೊಲಿಗೆ ಹಾಕಿದ ಲೇಬ್ರಮ್ ಕೊನೆಯ ಬೇಲಿ. ಸ್ನಾಯುಗಳು ಸೋತಾಗ ಮಾತ್ರ ಅದರ ಮೇಲೆ ಪೂರ್ತಿ ಭಾರ ಬೀಳಬೇಕು. ಸ್ನಾಯುಗಳು ದಿನವೂ ಸೋಲುತ್ತಿದ್ದರೆ ಬೇಲಿ ಎಷ್ಟು ದಿನ ತಡೆದೀತು?

ಯಾವ ಆಪರೇಷನ್, ಯಾವ ಸ್ನಾಯುವಿಗೆ ಪೆಟ್ಟು

ಭುಜ ಜಾರುವವರಲ್ಲಿ ಬಹುತೇಕರಿಗೆ, ಸುಮಾರು ಶೇ. 95 ಮಂದಿಗೆ, ಚೆಂಡು ಮುಂದಕ್ಕೆ ಜಾರುತ್ತದೆ. ಫಿಟ್ಸ್ ಬಂದಾಗ ಅಥವಾ ಕರೆಂಟ್ ಶಾಕ್ ಹೊಡೆದಾಗ ಹಿಂದಕ್ಕೆ ಜಾರುವುದುಂಟು, ಅದರ ಕತೆ ಬೇರೆ. ಮುಂದಕ್ಕೆ ಜಾರಿದಾಗ ತಟ್ಟೆಯ ಮುಂದಿನ ಅಂಚಿನಿಂದ ಲೇಬ್ರಮ್ ಕಿತ್ತುಬರುತ್ತೆ, ರೋಗದ ಮೂಲ ಇದೇ ಅಂತ 1923ರಲ್ಲಿ ವಾದಿಸಿದವರು ಇಂಗ್ಲೆಂಡಿನ ಸರ್ಜನ್ ಬ್ಲಂಡೆಲ್ ಬ್ಯಾಂಕಾರ್ಟ್. ಅದನ್ನು ಮತ್ತೆ ಅಂಚಿಗೆ ಹೊಲಿಯುವ ಆಪರೇಷನ್‌ಗೆ ಇವತ್ತಿಗೂ ಅವರದೇ ಹೆಸರು.

ಜಾರಿದವರಿಗೆಲ್ಲಾ ಆಪರೇಷನ್ ಬೇಕೇಬೇಕು ಅಂತಲ್ಲ. ಸ್ವೀಡನ್‌ನ ಲೆನಾರ್ಟ್ ಹೋವೆಲಿಯಸ್ ಮತ್ತು ಸಂಗಡಿಗರು ಮೊದಲ ಸಲ ಭುಜ ಜಾರಿದ 255 ಜನರನ್ನು 25 ವರ್ಷ ಹಿಂಬಾಲಿಸಿದರು. ಆಪರೇಷನ್ ಇಲ್ಲದೆ ಚಿಕಿತ್ಸೆ ಪಡೆದ 12ರಿಂದ 25 ವಯಸ್ಸಿನವರ ಭುಜಗಳಲ್ಲಿ ಅರ್ಧದಷ್ಟು ಮತ್ತೆ ಜಾರಲೇ ಇಲ್ಲ, ಅಥವಾ ಕಾಲಕ್ರಮೇಣ ತಾವೇ ಸ್ಥಿರವಾದವು. ಉಳಿದರ್ಧಕ್ಕೆ ಸೇರಿದವರ, ಅದರಲ್ಲೂ ಮೈಗೆ ಮೈ ತಾಗುವ ಆಟ ಆಡುವವರ ವಿಷಯದಲ್ಲಿ ಆಪರೇಷನ್ ಪ್ರಶ್ನೆ ಬರುತ್ತದೆ.

ಹಳೆಯ ಕಾಲದ ಆಪರೇಷನ್‌ಗಳು ಬಲ ಮತ್ತು ಚಲನೆಯನ್ನು ಬಲಿಕೊಟ್ಟು ಸ್ಥಿರತೆ ಕೊಳ್ಳುತ್ತಿದ್ದವು. ಬೊಲೋನ್ಯಾದ ವಿಟ್ಟೋರಿಯೋ ಪುಟ್ಟಿ ಮತ್ತು ಮ್ಯಾಂಚೆಸ್ಟರಿನ ಹ್ಯಾರಿ ಪ್ಲಾಟ್ ಹೆಸರಿನ ವಿಧಾನದಲ್ಲಿ ಮುಂಬದಿಯ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವನ್ನೇ ಕತ್ತರಿಸಿ ಗಿಡ್ಡ ಮಾಡಿ ಹೊಲಿಯುತ್ತಿದ್ದರು. ಭುಜ ಜಾರುವುದು ನಿಲ್ಲುತ್ತಿತ್ತು. ಆದರೆ ಕೈ ಹೊರಕ್ಕೆ ತಿರುಗುತ್ತಲೇ ಇರಲಿಲ್ಲ, ವರ್ಷಗಳ ನಂತರ ಕೀಲು ಸವೆದವರೂ ಇದ್ದರು. ಬಾಗಿಲು ಹಾರಿಕೊಳ್ಳುತ್ತೆ ಅಂತ ಮೊಳೆ ಹೊಡೆದಂತೆ.

ಈಗ ಹೆಚ್ಚಾಗಿ ನಡೆಯೋದು ಕೀಹೋಲ್ ಬ್ಯಾಂಕಾರ್ಟ್, ಅಂದ್ರೆ ಆರ್ಥ್ರೋಸ್ಕೋಪಿ. ಇದರಲ್ಲಿ ದೊಡ್ಡ ಸ್ನಾಯು ಯಾವುದನ್ನೂ ಕತ್ತರಿಸುವುದಿಲ್ಲ. ಸಣ್ಣ ರಂಧ್ರಗಳ ಮೂಲಕ ಹೋಗಿ, ತಟ್ಟೆಯ ಅಂಚಿನಲ್ಲಿ ಆ್ಯಂಕರ್ ಕೂರಿಸಿ, ದಾರದಿಂದ ಲೇಬ್ರಮ್ ಎಳೆದು ಕಟ್ಟುತ್ತಾರೆ. ಇದೇ ಕೆಲಸವನ್ನು ತೆರೆದು ಮಾಡಿದರೆ ಒಳಗೆ ಹೋಗಲು ಸಬ್‌ಸ್ಕ್ಯಾಪುಲಾರಿಸ್ ಅನ್ನು ದಾಟಲೇಬೇಕು, ಸಾಂಪ್ರದಾಯಿಕವಾಗಿ ಅದನ್ನು ಕತ್ತರಿಸಿ ಮತ್ತೆ ಹೊಲಿಯುತ್ತಾರೆ.

ಜಾರಿ ಜಾರಿ ತಟ್ಟೆಯ ಮೂಳೆಯೇ ಸವೆದುಹೋದವರಿಗೆ ಹೊಲಿಗೆ ಸಾಲದು. 2000ನೇ ಇಸವಿಯಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್ ಅನ್ನುವ ಇಬ್ಬರು ಸರ್ಜನ್‌ಗಳು 194 ಕೀಹೋಲ್ ಆಪರೇಷನ್‌ಗಳ ಫಲಿತಾಂಶ ಪ್ರಕಟಿಸಿದರು. ಗಮನಾರ್ಹ ಮೂಳೆ ಸವೆತ ಇಲ್ಲದವರಲ್ಲಿ ಮತ್ತೆ ತೊಂದರೆಯಾದದ್ದು ಶೇ. 4, ಸವೆತ ಇದ್ದವರಲ್ಲಿ ಶೇ. 67. ಈ ಒಂದು ಅಂಕಿ ಇಡೀ ಕ್ಷೇತ್ರದ ದಿಕ್ಕು ಬದಲಿಸಿತು. ಫ್ರಾನ್ಸಿನ ಲಿಯೋನ್ ನಗರದ ಮಿಷೆಲ್ ಲಾಟಾರ್ಜೆ 1954ರಲ್ಲಿ ವಿವರಿಸಿದ್ದ ಹಳೆಯ ವಿಧಾನಕ್ಕೆ ಬೇಡಿಕೆ ಹೆಚ್ಚಿತು. ಅದರಲ್ಲಿ ಹೆಗಲ ಹಲಗೆಯ ಕೊಕ್ಕಿನಂಥ ಮೂಳೆಯನ್ನು, ಅದಕ್ಕಂಟಿದ ಸ್ನಾಯುರಜ್ಜುಗಳ ಸಮೇತ ಕತ್ತರಿಸಿ, ತಟ್ಟೆಯ ಮುಂದಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಆ ರಜ್ಜುಗಳು ಬೈಸೆಪ್ಸ್‌ನ ಒಂದು ಕವಲು ಮತ್ತು ಕೊರಾಕೋಬ್ರೇಕಿಯಾಲಿಸ್‌ಗೆ ಸೇರಿದವು, ಆಪರೇಷನ್ ನಂತರ ಇವೇ ಚೆಂಡಿನ ಮುಂದೆ ಜೋಲಿಯಂತೆ ನಿಲ್ಲುತ್ತವೆ.

ಬಲದ ದೃಷ್ಟಿಯಿಂದ ಲಾಟಾರ್ಜೆಯಲ್ಲಿ ಕೇಳಬೇಕಾದ ಪ್ರಶ್ನೆ: ಸಬ್‌ಸ್ಕ್ಯಾಪುಲಾರಿಸ್ ಅನ್ನು ಅಡ್ಡಕ್ಕೆ ಕತ್ತರಿಸಿದರೋ, ಅಥವಾ ಎಳೆಗಳ ಗುಂಟ ಸೀಳಿ ಮಧ್ಯದಲ್ಲಿ ದಾರಿ ಮಾಡಿಕೊಂಡರೋ? ಸೌದೆ ಸೀಳಿದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಅಡ್ಡಕ್ಕೆ ಕತ್ತರಿಸಿದ ಸ್ನಾಯುವಿನಲ್ಲಿ ವರ್ಷಗಳ ನಂತರವೂ ಒಳತಿರುವಿನ ಬಲ ಕಡಿಮೆ ಉಳಿಯುವ, ಸ್ನಾಯುವಿನೊಳಗೆ ಕೊಬ್ಬು ತುಂಬುವ ಸಾಧ್ಯತೆ ಹೆಚ್ಚು ಅಂತ ಹೋಲಿಕೆ ಅಧ್ಯಯನಗಳು ತೋರಿಸಿವೆ. ಹಾಗಾಗಿಯೇ ಈಗ ಅನೇಕರು ಸೀಳುವ ದಾರಿಯನ್ನೇ ಆರಿಸಿಕೊಳ್ತಾರೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಈ ಒಂದು ಸಾಲು ಇರುವುದು ನಿಮ್ಮ ಫಿಸಿಯೋಗೆ ಬಹಳ ಮುಖ್ಯ.

ಇನ್ನೊಂದು ಸೇರ್ಪಡೆ ರಾಂಪ್ಲಿಸಾಜ್. ಫ್ರೆಂಚ್‌ನಲ್ಲಿ 'ತುಂಬುವುದು' ಅಂತ ಅರ್ಥ. ಜಾರುವಾಗ ಚೆಂಡಿನ ಹಿಂಬದಿ ತಟ್ಟೆಯ ಅಂಚಿಗೆ ಬಡಿದು ಗುಳಿ ಬಿದ್ದಿರುತ್ತೆ. ಆ ಗುಳಿಗೆ ಇನ್‌ಫ್ರಾಸ್ಪೈನೇಟಸ್‌ನ ರಜ್ಜುವನ್ನು ಕಟ್ಟಿ ತುಂಬುತ್ತಾರೆ. ಇಲ್ಲಿ ಹಿಂಬದಿಯ ಸ್ನಾಯುವನ್ನೇ ಬಳಸಿಕೊಂಡದ್ದರಿಂದ ಹೊರತಿರುವಿನ ವ್ಯಾಪ್ತಿ ಸ್ವಲ್ಪ ಕಡಿಮೆಯಾಗಬಹುದು. ಚೆಂಡೆಸೆಯುವ ಆಟಗಾರರಿಗೆ ಆ ಸ್ವಲ್ಪವೂ ದೊಡ್ಡದು.

ಕತ್ತರಿಸದಿದ್ದರೂ ಬಲ ಯಾಕೆ ಹೋಗುತ್ತೆ?

ಕೀಹೋಲ್‌ನಲ್ಲಿ ಸ್ನಾಯು ಕತ್ತರಿಸಲೇ ಇಲ್ಲವಲ್ಲ, ಮತ್ತೆ ಮೂರು ತಿಂಗಳ ನಂತರ ಕೈ ಇಷ್ಟು ಸೋತಿದ್ದು ಯಾಕೆ ಅಂತ ಕೇಳುವವರು ಬಹಳ. ಸ್ಲಿಂಗ್ ಒಂದು ಕಾರಣ. ನಾಲ್ಕರಿಂದ ಆರು ವಾರ ಕೈ ಕಟ್ಟಿ ಕೂರಿಸಿದರೆ ಯಾವ ಸ್ನಾಯುವೂ ಸೊರಗುತ್ತದೆ. ಆದರೆ ನನ್ನ ಪ್ರಕಾರ ಹೆಚ್ಚು ಸ್ವಾರಸ್ಯದ ಕಾರಣ ಬೇರೆಯಿದೆ. ಪೆಟ್ಟಾದ, ಊದಿಕೊಂಡ ಕೀಲಿನಿಂದ ಹೋಗುವ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲೇ ಅದರ ಸುತ್ತಲಿನ ಸ್ನಾಯುಗಳಿಗೆ ಬರುವ ಆಜ್ಞೆಯನ್ನು ತಗ್ಗಿಸಿಬಿಡುತ್ತವೆ. ಸ್ನಾಯು ಇದೆ, ನರ ಸರಿಯಿದೆ, ನೀವು ಪೂರ್ತಿ ಮನಸ್ಸಿಟ್ಟು ಎಳೀತಿದ್ದೀರಿ, ಆದರೂ ಎಲ್ಲಾ ಎಳೆಗಳೂ ಕೆಲಸಕ್ಕೆ ಇಳಿಯುವುದಿಲ್ಲ. ಯಂತ್ರಕ್ಕೆ ಏನೂ ಆಗಿಲ್ಲ, ಕಂಟ್ರೋಲರ್ ಮಾತ್ರ ಲಿಮಿಟ್ ಹಾಕಿಕೊಂಡು ಕೂತಿದೆ. ಮೊಣಕಾಲಿನ ಆಪರೇಷನ್ ಆದವರ ತೊಡೆ ಸ್ನಾಯು ಹೀಗೇ ಮುಷ್ಕರ ಹೂಡೋದನ್ನು ಫಿಸಿಯೋಗಳು ದಿನಾ ನೋಡುತ್ತಾರೆ.

ಇದರ ಜೊತೆಗೆ, ಹರಿದ ಲೇಬ್ರಮ್ ಮತ್ತು ರಜ್ಜುಗಳಲ್ಲಿ ಕೀಲು ಎಲ್ಲಿದೆ ಅಂತ ಮಿದುಳಿಗೆ ವರದಿ ಮಾಡುವ ಸೂಕ್ಷ್ಮ ಗ್ರಾಹಕಗಳಿರುತ್ತವೆ. ಅವು ಹಾಳಾದಾಗ ವರದಿ ತಡವಾಗುತ್ತೆ, ಸ್ನಾಯು ಬಿಗಿಯಾಗುವುದೂ ತಡವಾಗುತ್ತೆ. ಇನ್ನು ಭಯ. ಎರಡು ವರ್ಷ ಭುಜ ಜಾರಿಸಿಕೊಂಡವರು ಆಪರೇಷನ್‌ಗೆ ಮುಂಚೆಯೇ ಆ ಕೈಯನ್ನು ಮೇಲೆತ್ತುವುದು ಬಿಟ್ಟಿರುತ್ತಾರೆ. ಅವರು ಆಪರೇಷನ್ ಟೇಬಲ್ ಮೇಲೆ ಮಲಗುವಾಗಲೇ ಬಲ ಅರ್ಧ ಖರ್ಚಾಗಿರುತ್ತೆ. ಕೆಲವರಲ್ಲಿ ಜಾರಿದ ಹೊತ್ತಿಗೇ ಆಕ್ಸಿಲರಿ ನರಕ್ಕೆ ಪೆಟ್ಟಾಗಿ ಡೆಲ್ಟಾಯ್ಡ್ ಸೊರಗಿರಬಹುದು.

ಮೂರು, ಆರು, ಹನ್ನೆರಡು

ಪ್ರಕಟವಾದ ಅಧ್ಯಯನಗಳ ಒಟ್ಟು ಚಿತ್ರ ಹೀಗಿದೆ. ಕೀಹೋಲ್ ಬ್ಯಾಂಕಾರ್ಟ್ ಆದ ಮೂರು ತಿಂಗಳಿಗೆ ಒಳತಿರುವು, ಹೊರತಿರುವು ಎರಡೂ ಇನ್ನೊಂದು ಕೈಗಿಂತ ಸ್ಪಷ್ಟವಾಗಿ ಕಡಿಮೆ ಇರುತ್ತವೆ. ಆರು ತಿಂಗಳ ಹೊತ್ತಿಗೆ ಸರಾಸರಿ ಲೆಕ್ಕದಲ್ಲಿ ಬಹಳಷ್ಟು ವಾಪಸ್ ಬಂದಿರುತ್ತೆ, ಆದರೆ ಹೊರತಿರುವು ಎಷ್ಟೋ ಮಂದಿಯಲ್ಲಿ ಹಿಂದೆ ಉಳಿದಿರುತ್ತದೆ. ಒಂದು ವರ್ಷಕ್ಕೆ ಹೆಚ್ಚಿನವರು ಇನ್ನೊಂದು ಕೈಯ ಸಮಕ್ಕೆ ಬಂದಿರುತ್ತಾರೆ. ಸಬ್‌ಸ್ಕ್ಯಾಪುಲಾರಿಸ್ ಕತ್ತರಿಸಿದ ಆಪರೇಷನ್‌ಗಳಲ್ಲಿ ಒಳತಿರುವಿನ ಗೆರೆ ಇದಕ್ಕಿಂತ ನಿಧಾನ.

ಇಲ್ಲಿ 'ಸರಾಸರಿ' ಅನ್ನುವ ಪದದ ಮೇಲೆ ಒಂದು ಕಣ್ಣಿಡಿ. ಸರಾಸರಿ ಶೇ. 95 ಅಂದಾಗ ಅದರೊಳಗೆ 110 ಇರುವವರೂ ಇರ್ತಾರೆ, 75 ಇರುವವರೂ ಇರ್ತಾರೆ. ಆರು ತಿಂಗಳಿಗೆ ಆಟಗಾರರನ್ನು ಒಬ್ಬೊಬ್ಬರಾಗಿ ಪರೀಕ್ಷೆಗೆ ಕೂರಿಸಿದ ಅಧ್ಯಯನಗಳಲ್ಲಿ, ಕಡೇಪಕ್ಷ ಒಂದಾದರೂ ಪರೀಕ್ಷೆಯಲ್ಲಿ ಫೇಲಾದವರೇ ಜಾಸ್ತಿ. ನೋವಿಲ್ಲ, ಕೈ ಪೂರ್ತಿ ಎತ್ತಬಹುದು, ಎಕ್ಸ್‌ರೇ ಚೆನ್ನಾಗಿದೆ. ಆದರೂ ಹೊರತಿರುವಿನ ಬಲ ನಾಲ್ಕರಲ್ಲಿ ಒಂದು ಪಾಲು ಕಡಿಮೆ. ಅವರಿಗೇ ಅದು ಗೊತ್ತಿರುವುದಿಲ್ಲ.

ಯಾಕೆ ಗೊತ್ತಾಗೋದಿಲ್ಲ ಅಂದ್ರೆ, ದಿನನಿತ್ಯದ ಬದುಕು ಹೊರತಿರುವನ್ನು ಗರಿಷ್ಠ ಮಟ್ಟದಲ್ಲಿ ಕೇಳುವುದೇ ಅಪರೂಪ. ಜಿಮ್ಮಿನಲ್ಲೂ ಅಷ್ಟೇ. ಭುಜದ ಆಪರೇಷನ್ ಆಗಿ ಜಿಮ್ಮಿಗೆ ಮರಳುವ ಹುಡುಗರು ಮೊದಲು ಹಿಡಿಯೋದು ಎದೆ ಮತ್ತು ಬೈಸೆಪ್ಸ್. ಎದೆಯ ಸ್ನಾಯು ಒಳತಿರುವಿನ ಪಾರ್ಟಿಗೆ ಸೇರಿದ್ದು. ಹೊರತಿರುವಿನ ಸ್ನಾಯುಗಳು ಬೆನ್ನ ಹಿಂದಿರುತ್ತವೆ, ಕನ್ನಡಿಯಲ್ಲಿ ಕಾಣೋದಿಲ್ಲ, ಸೆಲ್ಫಿಯಲ್ಲೂ ಬರೋದಿಲ್ಲ! ಆರೋಗ್ಯವಂತ ಭುಜದಲ್ಲಿ ಹೊರತಿರುವಿನ ಬಲ ಒಳತಿರುವಿನ ಸುಮಾರು ಶೇ. 66ರಿಂದ 75 ಇರಬೇಕು ಅನ್ನೋದು ರೂಢಿಯ ಲೆಕ್ಕ. ಉದಾಹರಣೆಗೆ ಒಳತಿರುವು 40 ನ್ಯೂಟನ್-ಮೀಟರ್ ಇದ್ದು ಹೊರತಿರುವು 22 ಇದೆ ಅಂದುಕೊಳ್ಳಿ. ಅನುಪಾತ ಶೇ. 55. ಇವರು ಎದೆ ಬೆಳೆಸಿ ಒಳತಿರುವನ್ನು 48ಕ್ಕೆ ಒಯ್ದರೆ ಅನುಪಾತ 46ಕ್ಕೆ ಇಳಿಯುತ್ತೆ. ಕೈ ಬಲವಾಯ್ತು, ಭುಜದ ಸಮತೋಲ ಕೆಟ್ಟಿತು. ಚೆಂಡೆಸೆದ ಮೇಲೆ ತೋಳಿಗೆ ಬ್ರೇಕ್ ಹಾಕೋದು ಇದೇ ಹಿಂಬದಿಯ ಸ್ನಾಯುಗಳು ಅನ್ನೋದು ನೆನಪಿರಲಿ.

ಅಳೆಯೋದು ಹೇಗೆ

ಹೊರರೋಗಿ ವಿಭಾಗದಲ್ಲಿ ಸಾಮಾನ್ಯವಾಗಿ ನಡೆಯೋದು ಕೈಯಿಂದ ಒತ್ತಿ ನೋಡುವ ಪರೀಕ್ಷೆ. ಡಾಕ್ಟರ್ ನಿಮ್ಮ ಕೈಯನ್ನು ತಳ್ಳುತ್ತಾರೆ, ನೀವು ತಡೆಯಬೇಕು, 0ರಿಂದ 5ರವರೆಗೆ ಅಂಕ. ನರಗಳ ಪೆಟ್ಟು ಪತ್ತೆಗೆ ಇದು ಒಳ್ಳೆಯ ಅಳತೆಗೋಲು. ಆದರೆ ಗಟ್ಟಿಮುಟ್ಟಾದ ಯುವಕನ ಬಲ ನಾಲ್ಕನೇ ಒಂದು ಭಾಗ ಕಡಿಮೆಯಾಗಿದ್ದರೂ ಪರೀಕ್ಷಿಸುವವರ ಕೈಗೆ ಅದು 5ಕ್ಕೆ 5 ಅನ್ನಿಸಿಬಿಡಬಹುದು. ಕಾರ್ಡಿನ ಮೇಲೆ 5/5 ಅಂತ ಬರೆದಿದೆ ಅಂದ ಮಾತ್ರಕ್ಕೆ ಆಟಕ್ಕೆ ರೆಡಿ ಅಂತ ಅರ್ಥ ಅಲ್ಲ.

ಇದಕ್ಕಿಂತ ಮೇಲಿನದು ಕೈಯಲ್ಲಿ ಹಿಡಿಯುವ ಡೈನಮೋಮೀಟರ್. ಎಷ್ಟು ಬಲ ಹಾಕಿದಿರಿ ಅಂತ ಸಂಖ್ಯೆಯಲ್ಲಿ ಹೇಳುತ್ತೆ. ಇನ್ನೂ ಮೇಲಿನದು ಐಸೋಕೈನೆಟಿಕ್ ಯಂತ್ರ. ಬಯೋಡೆಕ್ಸ್, ಸೈಬೆಕ್ಸ್ ಅನ್ನೋದು ಇದರ ಪರಿಚಿತ ಬ್ರ್ಯಾಂಡ್‌ಗಳು. ನೀವೆಷ್ಟೇ ಜೋರಾಗಿ ತಳ್ಳಿದರೂ ಇದು ವೇಗವನ್ನು ಸ್ಥಿರವಾಗಿಟ್ಟು, ಸೆಕೆಂಡಿಗೆ 60 ಡಿಗ್ರಿ, 180 ಡಿಗ್ರಿ ಹೀಗೆ, ಪ್ರತಿ ಕೋನದಲ್ಲೂ ಟಾರ್ಕ್ ದಾಖಲಿಸುತ್ತದೆ. ದೊಡ್ಡ ಕ್ರೀಡಾ ಕೇಂದ್ರಗಳಲ್ಲಿ ಮಾತ್ರ ಸಿಗುತ್ತೆ, ನಿಜ. ಆದರೆ ಅದಿಲ್ಲ ಅಂತ ಅಳತೆಯನ್ನೇ ಬಿಡಬೇಕಾಗಿಲ್ಲ.

ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಗೊತ್ತಲ್ಲ? ಅದನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿ, ಮೊಣಕೈಯನ್ನು 90 ಡಿಗ್ರಿ ಮಡಚಿ, ಪಕ್ಕೆಗೂ ತೋಳಿಗೂ ಮಧ್ಯೆ ಸುತ್ತಿದ ಟವೆಲ್ ಇಟ್ಟು, ಮಣಿಕಟ್ಟಿನ ಹತ್ತಿರ ಪಟ್ಟಿ ಹಾಕಿ ನಿಧಾನವಾಗಿ ಹೊರಕ್ಕೆ ಎಳೆದರೆ ಹೊರತಿರುವಿನ ಬಲ ಕೆಜಿಯಲ್ಲಿ ಸಿಗುತ್ತದೆ. ಮೂರು ಸಲ ಎಳೆದು ಸರಾಸರಿ ತೆಗೆದುಕೊಳ್ಳಿ, ಎರಡೂ ಕೈಗೆ. ಟಾರ್ಕ್ ಬೇಕಾದರೆ ಮುಂಗೈಯ ಉದ್ದದಿಂದ ಗುಣಿಸಬೇಕು, ಆದರೆ ನಿಮ್ಮದೇ ಎರಡು ಕೈಗಳನ್ನು ಹೋಲಿಸುವಾಗ ಉದ್ದ ಒಂದೇ ಆದ್ದರಿಂದ ಅದು ಲೆಕ್ಕದಿಂದ ಬಿದ್ದುಹೋಗುತ್ತೆ. ಒಂದು ಎಚ್ಚರಿಕೆ: ಹೊಲಿಗೆ ಕೂಡುವ ಮುನ್ನ ಪೂರ್ತಿ ಬಲ ಹಾಕಿ ಎಳೆಯೋದು ಅಪಾಯ. ಸರ್ಜನ್ ಮತ್ತು ಫಿಸಿಯೋ ಬಲದ ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟ ಮೇಲೆ, ಅವರ ಎದುರಿಗೇ ಮೊದಲ ಸಲ ಮಾಡಿ.

ಇನ್ನೊಂದು ಕೈಯ ಶೇ. 90 ಮುಟ್ಟಿದರೆ ಪಾಸ್ ಅನ್ನೋದು ಸಾಮಾನ್ಯ ಗಡಿ. ಈ ಗಡಿಯಲ್ಲೂ ಎರಡು ತೂತುಗಳಿವೆ. ಬಲಗೈ ರೂಢಿಯವರ ಬಲಗೈ ಸಹಜವಾಗಿಯೇ ಸ್ವಲ್ಪ ಹೆಚ್ಚು ಬಲವಾಗಿರುತ್ತೆ. ಆ ಬಲಗೈಗೇ ಆಪರೇಷನ್ ಆಗಿದ್ದರೆ, ಎಡಗೈಯ 90 ಅಂದ್ರೆ ಅದರ ಹಳೆಯ ಮಟ್ಟಕ್ಕಿಂತ ಇನ್ನೂ ಕೆಳಗೆ. ಜೊತೆಗೆ ಆರು ತಿಂಗಳು ಆಟ ಬಿಟ್ಟವರ ಒಳ್ಳೆಯ ಕೈಯೂ ಸೊರಗಿರುತ್ತೆ. ಕುಂಟುವವನನ್ನು ಕುಂಟನ ಜೊತೆ ಓಡಿಸಿ ಸಮ ಬಂದ ಅಂದಂತೆ. ಇದಕ್ಕೆ ಪರಿಹಾರ ಸರಳ: ಆಪರೇಷನ್‌ಗೆ ಮುಂಚೆಯೇ ಎರಡೂ ಕೈ ಅಳೆದು ಬರೆದಿಟ್ಟುಕೊಳ್ಳೋದು. ಇದನ್ನು ಮಾಡುವವರು ಕಡಿಮೆ.

ಅಳೆಯುವ ಭಂಗಿಯೂ ಮುಖ್ಯ. ಭುಜ ಜಾರೋದು ಕೈ ಪಕ್ಕೆಯಲ್ಲಿದ್ದಾಗ ಅಲ್ಲ, ಎತ್ತಿ ಹಿಂದಕ್ಕೆ ತಿರುಗಿದಾಗ. ಕಬಡ್ಡಿಯಲ್ಲಿ ಕೈ ಕೈ ಹಿಡಿದು ಸರಪಳಿ ಕಟ್ಟಿದ ಡಿಫೆಂಡರ್‌ನ ತೋಳನ್ನು ರೈಡರ್ ತನ್ನ ಇಡೀ ಮೈತೂಕದಿಂದ ಹಿಂದಕ್ಕೆ ಎಳೆದೊಯ್ಯುವ ಭಂಗಿ ನೋಡಿ, ಅಥವಾ ತುಂಬಿದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದವರಿಗೆ ಡ್ರೈವರ್ ಬ್ರೇಕ್ ಹಾಕಿದ ಕ್ಷಣ. ಅದೇ ಕೋನದಲ್ಲಿ ಬಲ ಎಷ್ಟಿದೆ ಅನ್ನೋದು ನಿಜವಾದ ಪ್ರಶ್ನೆ. ದಣಿದ ಮೇಲೆ ಎಷ್ಟಿದೆ ಅನ್ನೋದು ಇನ್ನೊಂದು. ಕಬಡ್ಡಿ ಪಂದ್ಯ 20 ನಿಮಿಷದ ಎರಡು ಅವಧಿ. ಫ್ರೆಶ್ ಆಗಿದ್ದಾಗ ಮೂರು ಸಲ ಎಳೆದು ತೋರಿಸಿದ ಬಲ 38ನೇ ನಿಮಿಷಕ್ಕೆ ಇರುತ್ತೆ ಅಂತ ಗ್ಯಾರಂಟಿ ಇಲ್ಲ.

ಶ್ರೇಯಸ್ ಅಯ್ಯರ್ ಲೆಕ್ಕ, ನಮ್ಮ ಲೆಕ್ಕ

2021ರ ಮಾರ್ಚ್ 23ರಂದು ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧದ ಏಕದಿನ ಪಂದ್ಯದಲ್ಲಿ ಡೈವ್ ಹೊಡೆದ ಶ್ರೇಯಸ್ ಅಯ್ಯರ್ ಎಡಭುಜಕ್ಕೆ ಪೆಟ್ಟು ಮಾಡಿಕೊಂಡರು. ಏಪ್ರಿಲ್‌ನಲ್ಲಿ ಆಪರೇಷನ್ ಆಯ್ತು. ಆ ಐಪಿಎಲ್ ಕೋವಿಡ್‌ನಿಂದ ಮೇ ತಿಂಗಳಲ್ಲಿ ನಿಂತು, ಸೆಪ್ಟೆಂಬರ್‌ನಲ್ಲಿ ಯುಎಇಯಲ್ಲಿ ಮುಂದುವರಿದಿದ್ದರಿಂದ ಅವರಿಗೆ ಅದೇ ಟೂರ್ನಿಯ ಎರಡನೇ ಅರ್ಧ ಸಿಕ್ಕಿತು. ಸೆಪ್ಟೆಂಬರ್ 22ರಂದು ದುಬೈನಲ್ಲಿ ಹೈದರಾಬಾದ್ ವಿರುದ್ಧ ಔಟಾಗದೆ 47. ಆಪರೇಷನ್ ಆಗಿ ಸುಮಾರು ಐದೂವರೆ ತಿಂಗಳು.

ಇದನ್ನು ನೋಡಿ 'ಐದು ತಿಂಗಳು ಸಾಕು' ಅನ್ನುವವರು ಎರಡು ಸಂಗತಿ ಗಮನಿಸಬೇಕು. ಅಯ್ಯರ್ ಬಲಗೈಯಲ್ಲಿ ಎಸೆಯುವವರು, ಪೆಟ್ಟಾದದ್ದು ಎಡಭುಜಕ್ಕೆ. ಬ್ಯಾಟಿಂಗ್ ಕೇಳುವ ಬಲವೇ ಬೇರೆ, ಬೌಂಡರಿಯಿಂದ ಎಸೆಯಲು ಬೇಕಾದ ಬಲವೇ ಬೇರೆ. ಮತ್ತೆ, ಇಂಥ ಆಟಗಾರರಿಗೆ ಆ ಐದೂವರೆ ತಿಂಗಳೂ ತಜ್ಞರ ಕಣ್ಣಳತೆಯಲ್ಲಿ ಕಳೆಯುತ್ತವೆ.

ನಮ್ಮವರೇ ಆದ ಅನಿಲ್ ಕುಂಬ್ಳೆಯ ಉದಾಹರಣೆಯೂ ಇದೆ. ಅವರದ್ದು ಜಾರಿದ ಭುಜದ ಕೇಸ್ ಅಲ್ಲ, ಬೌಲಿಂಗ್ ಭುಜದ ಆಪರೇಷನ್. ಅದಕ್ಕಾಗಿ ಅವರು ಈಡನ್ ಗಾರ್ಡನ್ಸ್ ಪವಾಡ ನಡೆದ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಕಳೆದುಕೊಂಡರು. ಅವಸರ ಮಾಡದೆ ಆ ವರ್ಷದ ಕೊನೆಗೆ ಮರಳಿದರು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ 300ನೇ ಟೆಸ್ಟ್ ವಿಕೆಟ್. ನಿವೃತ್ತರಾದಾಗ 619. ಅಂದ್ರೆ ಅರ್ಧಕ್ಕೂ ಹೆಚ್ಚು ವಿಕೆಟ್ ರಿಪೇರಿಯಾದ ಭುಜದಿಂದಲೇ ಬಂದವು.

ಈಗ ಹಳ್ಳಿಯ ಕಬಡ್ಡಿ ಹುಡುಗನ ಅಥವಾ ಬೈಕಿನಿಂದ ಬಿದ್ದ ಡೆಲಿವರಿ ಹುಡುಗನ ಲೆಕ್ಕ ನೋಡೋಣ. ನನಗೆ ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಇಲ್ಲಿ. ಸಾಮಾನ್ಯ ವೇಳಾಪಟ್ಟಿಯ ಪ್ರಕಾರ ಮೊದಲ ನಾಲ್ಕರಿಂದ ಆರು ವಾರ ಸ್ಲಿಂಗ್ ಮತ್ತು ಹಗುರ ಚಲನೆ, ನಂತರ 12ನೇ ವಾರದವರೆಗೆ ಚಲನೆಯ ವ್ಯಾಪ್ತಿ ವಾಪಸ್ ತರುವ ಕೆಲಸ, ನಿಜವಾದ ಬಲದ ವ್ಯಾಯಾಮ ಶುರುವಾಗೋದು 12ನೇ ವಾರದ ಸುಮಾರಿಗೆ. ಅಂದ್ರೆ 84ನೇ ದಿನ.

ಈಗ ವಿಮೆಯ ಕಡೆ ಬನ್ನಿ. ಎಲ್ಲಾ ಕಂಪನಿಗಳೂ ಕೊಡಬೇಕು ಅಂತ 2020ರಲ್ಲಿ ಬಂದ ಪ್ರಮಾಣಿತ ಪಾಲಿಸಿ 'ಆರೋಗ್ಯ ಸಂಜೀವನಿ' ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ಖರ್ಚನ್ನು ಕೊಡೋದು 60 ದಿನದವರೆಗೆ. ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅದು 15 ದಿನ. ಸ್ಕ್ರೂ, ಆ್ಯಂಕರ್, ಥಿಯೇಟರ್ ಖರ್ಚೆಲ್ಲಾ ಕೊಟ್ಟ ವ್ಯವಸ್ಥೆ, ಬಲದ ಕೆಲಸ ಶುರುವಾಗುವ ದಿನಕ್ಕೆ ಮುಂಚೆಯೇ ಎದ್ದುಹೋಗಿರುತ್ತೆ. 15ನೇ ದಿನಕ್ಕೆ ಆ ಹುಡುಗನ ಕೈ ಇನ್ನೂ ಸ್ಲಿಂಗ್‌ನಲ್ಲೇ ಇರುತ್ತೆ! ಅಲ್ಲಿಂದ ಮುಂದೆ ವಾರಕ್ಕೆರಡು ಸಲ ತಾಲೂಕು ಕೇಂದ್ರಕ್ಕೋ ಜಿಲ್ಲಾ ಕೇಂದ್ರಕ್ಕೋ ಹೋಗುವ ಬಸ್ ಚಾರ್ಜು, ಫಿಸಿಯೋ ಫೀಸು, ತಪ್ಪಿದ ಕೂಲಿ ಎಲ್ಲಾ ಅವನದೇ. ನೋವಂತೂ ಹೋಗಿದೆ, ಕೈ ಮೇಲೇಳುತ್ತಿದೆ. ಯಾರು ಹೋಗ್ತಾರೆ? ಆಮೇಲೆ ಭುಜ ಮತ್ತೆ ಜಾರಿದರೆ 'ಆಪರೇಷನ್ ಫೇಲ್' ಅಂತಲೋ, 'ಪೇಷೆಂಟ್ ವ್ಯಾಯಾಮ ಮಾಡಲಿಲ್ಲ' ಅಂತಲೋ ಒಂದು ಸಾಲು ಬರೆದು ಮುಗಿಸ್ತಾರೆ. ಎರಡನೇ ಆಪರೇಷನ್‌ಗೆ ಮಾತ್ರ ಮತ್ತೆ ಪೂರ್ತಿ ದುಡ್ಡು ಮಂಜೂರಾಗಬಹುದು. ಲೆಕ್ಕಾಚಾರವಾಗಿಯೂ ಇದು ದಡ್ಡತನ.

ಕೀಲು-ಮೂಳೆಯ ಆಪರೇಷನ್‌ಗಳಿಗಾದರೂ ಈ ಅವಧಿಯನ್ನು 180 ದಿನಕ್ಕೆ ಏರಿಸಿ, ಫಿಸಿಯೋಥೆರಪಿಯನ್ನು ಪ್ಯಾಕೇಜಿನ ಒಳಗೇ ತರಬೇಕು ಅನ್ನೋದು ನನ್ನ ಅಭಿಪ್ರಾಯ. ಮೂರನೇ ಮತ್ತು ಆರನೇ ತಿಂಗಳಿಗೆ ಒಂದೊಂದು ಬಲದ ಅಳತೆ ಕಡ್ಡಾಯ ಮಾಡಿದರೂ ಸಾಕು, ಅರ್ಧ ಕೆಲಸ ಆದಂತೆ. ಡೈನಮೋಮೀಟರ್ ಇಟ್ಟ ಒಬ್ಬ ಫಿಸಿಯೋ ಪ್ರತಿ ತಾಲೂಕು ಆಸ್ಪತ್ರೆಯಲ್ಲಿದ್ದರೆ ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ.

ಅಲ್ಲಿಯವರೆಗೆ, ಆಪರೇಷನ್‌ಗೆ ಮುಂಚೆ ಸರ್ಜನ್ ಹತ್ತಿರ ಕೇಳಿಟ್ಟುಕೊಳ್ಳಬೇಕಾದ್ದು: ಸಬ್‌ಸ್ಕ್ಯಾಪುಲಾರಿಸ್ ಕತ್ತರಿಸ್ತೀರಾ, ಸೀಳ್ತೀರಾ? ರಾಂಪ್ಲಿಸಾಜ್ ಸೇರಿಸ್ತೀರಾ? ಬಲದ ವ್ಯಾಯಾಮ ಯಾವ ವಾರದಿಂದ? ಆಟಕ್ಕೆ ಅಥವಾ ಭಾರದ ಕೆಲಸಕ್ಕೆ ಬಿಡುವ ಮುನ್ನ ಬಲವನ್ನು ಯಾವುದರಿಂದ ಅಳೀತೀರಿ? ಉತ್ತರ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.

ಕೆಲವು ಲಕ್ಷಣಗಳನ್ನು ಮಾತ್ರ 'ವ್ಯಾಯಾಮ ಸಾಲದು' ಅಂತ ತಳ್ಳಿಹಾಕಬೇಡಿ. ಭುಜದ ಹೊರಬದಿಯಲ್ಲಿ ಅಂಗೈಯಗಲದ ಜಾಗ ಮರಗಟ್ಟಿದ್ದರೆ ಆಕ್ಸಿಲರಿ ನರವನ್ನು ಪರೀಕ್ಷಿಸಬೇಕು. ಲಾಟಾರ್ಜೆಯ ನಂತರ ಮೊಣಕೈ ಮಡಚುವ ಬಲ ಕುಸಿದು ಮುಂಗೈಯ ಹೊರ ಅಂಚು ಜೋಮು ಹಿಡಿದಿದ್ದರೆ ಮಸ್ಕ್ಯುಲೋಕ್ಯುಟೇನಿಯಸ್ ನರದ ಮೇಲೆ ಅನುಮಾನ. ಆರು ತಿಂಗಳ ನಂತರವೂ, ಕೈಯನ್ನು ಸೊಂಟದ ಹಿಂದಿಟ್ಟು ಮುಂಗೈಯನ್ನು ಬೆನ್ನಿನಿಂದ ದೂರ ಎತ್ತಲು ಆಗದಿದ್ದರೆ ಸಬ್‌ಸ್ಕ್ಯಾಪುಲಾರಿಸ್‌ನ ಹೊಲಿಗೆ ಬಿಟ್ಟಿರಬಹುದು. ಈ ಸರಳ ಪರೀಕ್ಷೆಯನ್ನು 1991ರಲ್ಲಿ ಕ್ರಿಶ್ಚಿಯನ್ ಗರ್ಬರ್ ಮತ್ತು ಕ್ರುಶೆಲ್ ವಿವರಿಸಿದರು. ಯಂತ್ರ ಬೇಡ, ದುಡ್ಡು ಬೇಡ, ಹತ್ತು ಸೆಕೆಂಡು ಸಾಕು. ಫಾಲೋಅಪ್‌ಗೆ ಹೋದಾಗ ಡಾಕ್ಟರ್ ಮಾಡದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ.